ಚೀಲ ಹಿಡಿಯುವ ಪ್ರಾಯ

ದುಬಾರಿ ಚೀಲದ ಆಸೆ ಹರೆಯದ್ದು, ಪ್ರಾಯ ಮಾಗಿದಂತೆ ಅದು ತಾನಾಗಿ ಕಳಚಿಕೊಳ್ಳುತ್ತದೆ ಎಂಬ ನಂಬಿಕೆ ಪುತ್ತೂರು, ಸುಳ್ಯ, ಕಡಬದ ಕಡೆ ಈಗ ಗಟ್ಟಿಯಾಗಿ ಬೇರೂರಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಸಂಬಳದ ದೊಡ್ಡ ಪಾಲು ಕೊಟ್ಟು ಹೆಸರುವಾಸಿ ಕಂಪೆನಿಯ ವ್ಯಾನಿಟಿ ಬ್ಯಾಗ್ ಕೊಂಡರೆ ಅದು ಪ್ರಾಯದ ಹುಚ್ಚು ಎನಿಸಿಕೊಳ್ಳುತ್ತದೆ. ಜವಳಿ ಅಂಗಡಿಯವರು ಕೊಟ್ಟ ಚೀಲವನ್ನೇ ಮಡಚಿ ಹಿಡಿದು ಕಿಲ್ಲೆ ಮೈದಾನದ ಸೋಮವಾರದ ಸಂತೆಗೆ ಹೋಗುವ ಅಜ್ಜಿಯದು ವಿವೇಕ ಎನಿಸಿಕೊಳ್ಳುತ್ತದೆ. ಹೀಗೆ ಹುಚ್ಚನ್ನು ಒಂದು ಪ್ರಾಯಕ್ಕೂ ವಿವೇಕವನ್ನು ಇನ್ನೊಂದು ಪ್ರಾಯಕ್ಕೂ ಹಂಚಿಬಿಟ್ಟರೆ ಮಾತು ಸುಲಭವಾಗುತ್ತದೆ, ಆದರೆ ಚರಿತ್ರೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಈ ಮೂರು ತಾಲೂಕುಗಳ ಕಳೆದ ಇನ್ನೂರು ವರ್ಷಗಳ ಬದುಕನ್ನು ನೋಡಿದರೆ, ಬೆಲೆಬಾಳುವ ಚೀಲ ಇಲ್ಲಿ ಬಹುಕಾಲ ಹಿರಿಯರ ಸೊತ್ತಾಗಿತ್ತು. ಕಿರಿಯರಿಗೆ ಅದನ್ನು ಹಿಡಿಯುವ ಅಧಿಕಾರವೇ ಇರಲಿಲ್ಲ. ಮೂರು ತಲೆಮಾರುಗಳ ಒಳಗೆ ಅದು ಹಿರಿಯರ ಕೈಯಿಂದ ಜಾರಿ ಹರೆಯದವರ ಹೆಗಲಿಗೆ ಬಂದಿದೆ. ಮನುಷ್ಯರ ಪ್ರಾಯದ ಸ್ವಭಾವ ಇಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಬೇರೆ ಎರಡು ಸಂಗತಿಗಳು: ಮನೆಯ ದುಡ್ಡು ಯಾರ ಕೈಯಲ್ಲಿದೆ ಎಂಬುದು ಮೊದಲನೆಯದು, ಚೀಲ ಹಿಡಿದವರನ್ನು ಎದುರಿಗೆ ಬರುವವರು ಮೊದಲೇ ಬಲ್ಲರೋ ಇಲ್ಲವೋ ಎಂಬುದು ಎರಡನೆಯದು.

ಈ ಕಡೆಯ ಹಳೆಯ ಬದುಕಿನಲ್ಲಿ ಮೈಮೇಲೆ ಇಟ್ಟುಕೊಂಡು ತಿರುಗುವ ಗೌರವದ ಚೀಲವೆಂದರೆ ಎಲೆ ಅಡಿಕೆಯ ಸಂಚಿ. ತೋಟದ ಅಡಿಕೆ ಮರಕ್ಕೇ ಹಬ್ಬಿಸಿದ ಬಳ್ಳಿಯ ವೀಳ್ಯದೆಲೆ, ತೋಟದ್ದೇ ಅಡಿಕೆ, ಅಡಕತ್ತರಿ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ತುಂಡು, ಇವಿಷ್ಟು ಅದರೊಳಗೆ. ಮನೆಯಲ್ಲಿದ್ದಾಗ ಇವೆಲ್ಲ ಹರಿವಾಣಕ್ಕೋ ಎಲೆ ಬಟ್ಟಲಿಗೋ ಬಂದು ಜಗಲಿಯಲ್ಲಿ ಕೂರುತ್ತಿದ್ದವು, ಹೊರಗೆ ಹೊರಟಾಗ ಸಂಚಿ ಸೇರುತ್ತಿದ್ದವು. ಸಾಮಾನ್ಯ ಮನೆಯಲ್ಲಿ ಸುಣ್ಣಕ್ಕೆ ತಗಡಿನ ಡಬ್ಬಿ ಸಾಕಾಗುತ್ತಿತ್ತು. ಅನುಕೂಲಸ್ಥರಲ್ಲಿ ಅದು ಹಿತ್ತಾಳೆಯದು, ಇನ್ನೂ ಮೇಲಿನವರಲ್ಲಿ ಬೆಳ್ಳಿಯದು. ಬೆಳ್ಳಿಯ ಡಬ್ಬಿಯಲ್ಲಿಟ್ಟ ಸುಣ್ಣ ತಗಡಿನ ಡಬ್ಬಿಯ ಸುಣ್ಣಕ್ಕಿಂತ ಹೆಚ್ಚು ಕೆಂಪು ಕೊಡುವುದಿಲ್ಲ. ಬೆಳ್ಳಿ ಅಲ್ಲಿದ್ದದ್ದು ನೋಡುವವರಿಗಾಗಿ. ಎಲೆ ಸಂಚಿಯನ್ನು ಇವತ್ತಿನ ಡಿಸೈನರ್ ಬ್ಯಾಗಿಗೆ ಹೋಲಿಸಬಾರದು, ಅದು ಉಪಯೋಗದ ವಸ್ತು, ಇದು ಬರೀ ಪ್ರದರ್ಶನ ಎಂದು ಆಕ್ಷೇಪಿಸುವವರು ಈ ಬೆಳ್ಳಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಉಪಯೋಗವೂ ಪ್ರದರ್ಶನವೂ ಎರಡರಲ್ಲೂ ಬೆರೆತಿವೆ. ವ್ಯಾನಿಟಿ ಬ್ಯಾಗಿನಲ್ಲೂ ದುಡ್ಡು, ಫೋನು, ಬಾಚಣಿಗೆ, ಬಸ್ಸಿನ ಪಾಸು ಇದ್ದೇ ಇರುತ್ತವಲ್ಲ.

ಸಂಚಿಯ ಗೌರವ ಎಷ್ಟು ಹಳೆಯದು ಎಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಅರಮನೆಗಳಲ್ಲಿ ದೊರೆಯ ತಾಂಬೂಲದ ಚೀಲವನ್ನು ಹಿಡಿಯುವುದು ನಂಬಿಗಸ್ತರಿಗೆ ಮಾತ್ರ ಸಿಗುತ್ತಿದ್ದ ಹುದ್ದೆ. ಬಾಯಿಗೆ ಹೋಗುವ ವಸ್ತು ಅದರಲ್ಲಿರುವುದರಿಂದ ಪ್ರಾಣವೇ ಆ ಕೈಯಲ್ಲಿರುತ್ತಿತ್ತು. ಹಡಪವೆಂದರೆ ಆ ಚೀಲವೇ, 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಕಾಯಕ ಇಂದಿಗೂ ಉಳಿದಿದೆ. ಅರಮನೆಯ ಈ ರೀತಿಯೇ ಸಣ್ಣ ಪ್ರಮಾಣದಲ್ಲಿ ತುಳುನಾಡಿನ ಗುತ್ತು, ಬೀಡುಗಳೆಂಬ ದೊಡ್ಡ ಮನೆತನಗಳಿಗೂ ಇಳಿದಿತ್ತು. ಧಣಿ ಹೊರಟರೆ ಅವರ ಸಂಚಿ, ಕೊಡೆಗಳನ್ನು ಹಿಡಿದು ಒಬ್ಬ ಹಿಂದಿನಿಂದ ಬರುತ್ತಿದ್ದ. ಅಂದರೆ ಚೀಲ ತನ್ನದಾಗಿರುವುದು ಒಂದು, ಅದರ ಭಾರ ತನ್ನದಾಗಿರುವುದು ಇನ್ನೊಂದು. ಹೆಚ್ಚು ಗೌರವಸ್ಥರ ಚೀಲ ಅವರ ಕೈಯಲ್ಲಿ ಇರುತ್ತಲೇ ಇರಲಿಲ್ಲ.

ಪ್ರಾಯದ ಮಾತಿಗೆ ಬಂದರೆ, ಎಲೆ ಸಂಚಿ ಕಟ್ಟುನಿಟ್ಟಾಗಿ ಪ್ರಾಯವನ್ನು ಅನುಸರಿಸುತ್ತಿತ್ತು. ಮದುವೆಯಾಗದ ಹುಡುಗರು, ಓದುವ ಮಕ್ಕಳು ಹಿರಿಯರ ಎದುರು ಎಲೆ ಹಾಕುವಂತಿರಲಿಲ್ಲ. ಮದುವೆಯ ದಿನವೇ ತಾಂಬೂಲ ಶಾಸ್ತ್ರೋಕ್ತವಾಗಿ ಕೈಗೆ ಬರುತ್ತಿತ್ತು. ಆಮೇಲೂ ಸ್ವಂತ ಸಂಚಿ ಇಟ್ಟುಕೊಳ್ಳುವುದಕ್ಕೆ ಮನೆಯಲ್ಲಿ ಒಂದು ಸ್ಥಾನ ಬೇಕಾಗುತ್ತಿತ್ತು. ಬಂದವರಿಗೆ ಬೆಲ್ಲ ನೀರು ಕೊಟ್ಟಾದ ಮೇಲೆ ಎಲೆ ಬಟ್ಟಲನ್ನು ಮುಂದೆ ಸರಿಸುವ ಅಧಿಕಾರ ಮನೆಯ ಯಜಮಾನನದು. ಹಲ್ಲು ಬಿದ್ದ ಮೇಲೂ ಸಂಚಿ ಬಿಡಲಿಲ್ಲ, ಅದಕ್ಕೆ ಒಂದು ಕುಟ್ಟಾಣಿ ಜೊತೆಯಾಯಿತು ಅಷ್ಟೆ. ಅಗಿಯಲಾರದ ಅಡಿಕೆಯನ್ನು ಕುಟ್ಟಿ ಮೆದು ಮಾಡಿ ತಿನ್ನುವ ಅಜ್ಜ ಅಜ್ಜಿಯರು ಈ ಕಡೆಯ ಪ್ರತಿ ಜಗಲಿಯಲ್ಲೂ ಇದ್ದರು. ವಸ್ತುವಿನ ಮೇಲಿನ ಒಲವು ಮುಪ್ಪಿನಲ್ಲಿ ತಾನಾಗಿ ಬತ್ತುವುದು ನಿಜವಾಗಿದ್ದರೆ ಕುಟ್ಟಾಣಿ ಹುಟ್ಟಬೇಕಾಗಿಯೇ ಇರಲಿಲ್ಲ. ಒಲವು ಬತ್ತಲಿಲ್ಲ, ಪ್ರಾಯದ ಜೊತೆ ಬೆಳೆಯಿತು, ಏಕೆಂದರೆ ಪ್ರಾಯದ ಜೊತೆ ಸ್ಥಾನವೂ ಬೆಳೆಯುತ್ತಿತ್ತು.

ಸ್ಥಾನದ ಹಿಂದೆ ಇದ್ದದ್ದು ದುಡ್ಡು, ಅಥವಾ ಸರಿಯಾಗಿ ಹೇಳುವುದಾದರೆ ದುಡ್ಡಿನ ಅಭಾವ. 1834ಕ್ಕೆ ಮೊದಲು ಪುತ್ತೂರು ಮತ್ತು ಅಮರ ಸುಳ್ಯದ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. ಕಂದಾಯ ಬಹುಮಟ್ಟಿಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿತ್ತು. ಆ ವರ್ಷ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಾಗಿ ಕೊಡಬೇಕೆಂದರು. ಬೆಳೆ ಕಣ್ಣೆದುರಿಗಿದೆ, ನಾಣ್ಯ ಎಲ್ಲಿದೆ ಎಂಬ ಸಂಕಟ 1837ರ ಅಮರ ಸುಳ್ಯದ ರೈತ ದಂಗೆಗೆ ಕಾರಣವಾದವುಗಳಲ್ಲಿ ಒಂದು. ಕೆದಂಬಾಡಿ ರಾಮಯ್ಯ ಗೌಡರಂಥವರ ನಾಯಕತ್ವದಲ್ಲಿ ಹೊರಟ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ನಡೆದರು, ಸುಮಾರು ಎರಡು ವಾರ ಆ ಪಟ್ಟಣವನ್ನು ಹಿಡಿದಿಟ್ಟುಕೊಂಡರು. ದಂಗೆ ಸೋತಿತು, ನಗದು ಕಂದಾಯ ಉಳಿಯಿತು. ಅಲ್ಲಿಂದ ಮುಂದೆ ಮನೆಯ ಅಡಿಕೆ, ಕಾಳುಮೆಣಸು ಮಾರಿ ನಾಣ್ಯ ತರುವ, ಅದನ್ನು ಕಾಪಾಡುವ, ಕಂದಾಯದ ದಿನ ಎಣಿಸಿ ಕೊಡುವ ಹೊಣೆ ಕುಟುಂಬದ ಒಬ್ಬನ ಮೇಲೆ ಬಿತ್ತು. ಕೂಡುಕುಟುಂಬದಲ್ಲಿ ಆ ಒಬ್ಬ ಹಿರಿಯನೇ. ಬಂಟರು, ಬಿಲ್ಲವರಲ್ಲಿ ನಡೆದುಬಂದ ಅಳಿಯಸಂತಾನದ ಮನೆಗಳಲ್ಲಿ ವಂಶ ಹೆಣ್ಣಿನ ಕಡೆಯಿಂದ ಎಣಿಸಿದರೂ ನಗದು ಸಾಮಾನ್ಯವಾಗಿ ಹಿರಿಯ ಮಾವನ ಕೈಯಲ್ಲೇ ಇರುತ್ತಿತ್ತು. ಮೂವತ್ತು ದಾಟಿದ, ಮಕ್ಕಳಿದ್ದ ಗಂಡಸು ಕೂಡ ಪೇಟೆಗೆ ಹೋಗುವಾಗ ನಾಲ್ಕಾಣೆಗೆ ಯಜಮಾನನ ಮುಂದೆ ನಿಲ್ಲಬೇಕಿತ್ತು. ದುಡ್ಡೇ ಕೈಯಲ್ಲಿಲ್ಲದವನಿಗೆ ದುಡ್ಡಿನ ಚೀಲ ಯಾಕೆ? ಊರೂರು ಸುತ್ತುವ ಮುಸ್ಲಿಂ ವ್ಯಾಪಾರಿಗಳು ಕಿಸೆಗಳಿದ್ದ ಅಗಲದ ಸೊಂಟಪಟ್ಟಿ ಕಟ್ಟುತ್ತಿದ್ದರು, ಬೇಸಾಯದ ಮನೆಯ ಕಿರಿಯರಿಗೆ ಸೊಂಟದ ಬಟ್ಟೆಯ ಮಡಿಕೆಯೇ ಸಾಕಾಗುತ್ತಿತ್ತು.

ಹೆಂಗಸರ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಸೀರೆಯ ಸೆರಗಿನ ತುದಿಗೆ ಕಟ್ಟಿದ ಗಂಟೇ ಅವರ ಹಣದ ಚೀಲ. ಅದರಲ್ಲಿ ಕೂರುವುದು ಕೆಲವು ಬಿಡಿ ಕಾಸು. ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ಮಾತ್ರ ಅಧಿಕಾರದ ನಿಜವಾದ ಗುರುತು, ಮತ್ತು ಅದು ಅತ್ತೆಯಿಂದ ಸೊಸೆಗೆ ಬರಲು ದಶಕಗಳೇ ಬೇಕಾಗುತ್ತಿದ್ದವು. ಹೊಸ ಸೊಸೆಗೆ ಸಿಗುತ್ತಿದ್ದದ್ದು ಮೈಮೇಲಿನ ಚಿನ್ನ. ಅದನ್ನೂ ಇಡಲು ತೆಗೆಯಲು ಹಿರಿಯರ ಅಪ್ಪಣೆ ಬೇಕಿತ್ತು. ಇಪ್ಪತ್ತರ ಹೆಣ್ಣೊಬ್ಬಳು ತನಗೆ ಬೇಕಾದ ಚೀಲವನ್ನು ತಾನೇ ಆರಿಸಿ, ತನ್ನ ದುಡ್ಡಿನಲ್ಲಿ ಕೊಳ್ಳುವುದು ಆ ಮನೆಗಳಲ್ಲಿ ತಪ್ಪು ಎನಿಸಿಕೊಳ್ಳುವ ಹಂತಕ್ಕೇ ಬಂದಿರಲಿಲ್ಲ, ಯಾರಿಗೂ ಊಹಿಸಲು ಆಗುತ್ತಿರಲಿಲ್ಲ. ಹೀಗಾಗಿ ಹಿಂದಿನ ಹರೆಯದವರು ಸರಳರಾಗಿದ್ದರು, ಈಗಿನವರಿಗೆ ಆಸೆ ಹೆಚ್ಚು ಎಂದು ಹೇಳುವುದು ನ್ಯಾಯವಲ್ಲ. ಕೊಳ್ಳುವ ದಾರಿಯೇ ಇಲ್ಲದಿದ್ದವರ ಸರಳತೆಯನ್ನು ಗುಣವೆಂದು ಎಣಿಸಿ, ದಾರಿ ಸಿಕ್ಕವರನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ತೂಗುವುದು ಸರಿಯಲ್ಲ.

ಇಲ್ಲಿಯೇ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಚೀಲದ ಕತೆ ಪ್ರಾಯದ್ದಲ್ಲ, ಯಜಮಾನಿಕೆಯದ್ದೂ ಅಲ್ಲ. ಅದು ಜಾತಿ ಮತ್ತು ವರ್ಗದ್ದು, ಬೆಳ್ಳಿಯ ಸುಣ್ಣದ ಡಬ್ಬಿ ಇದ್ದದ್ದು ಎಷ್ಟು ಮನೆಗಳಲ್ಲಿ ಎಂದು ಕೇಳಬಹುದು. ಕೇಳಲೇಬೇಕು. ಈ ಸೀಮೆಯ ಬುಟ್ಟಿ, ಹೆಡಿಗೆಗಳನ್ನು ಕಾಡಿನ ಬಳ್ಳಿ, ಬಿದಿರಿನಿಂದ ಹೆಣೆದುಕೊಟ್ಟವರು ಕೊರಗ ಸಮುದಾಯದವರು. ಗದ್ದೆಯ ಗೊಬ್ಬರದಿಂದ ತೋಟದ ಅಡಿಕೆಯವರೆಗೆ, ಮದುವೆಯ ಅಕ್ಕಿಯಿಂದ ಜಾತ್ರೆಯ ಸಾಮಾನಿನವರೆಗೆ ಎಲ್ಲವೂ ಸಾಗಿದ್ದು ಅವರ ಕೈಯ ಹೆಣಿಗೆಯಲ್ಲಿ. ಆ ಹೆಣಿಗೆಗೆ ಸಿಕ್ಕಿದ್ದು ಹಿಡಿ ಅಕ್ಕಿ, ಹಳೆಯ ಬಟ್ಟೆ, ಮತ್ತು ಅವರನ್ನು ಕೀಳು ಮನುಷ್ಯರೆಂದು ನಡೆಸಿಕೊಳ್ಳುವ ಅಜಲಿನಂಥ ಅವಮಾನ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ, ಅಷ್ಟು ತಡವಾಗಿ. ದುಡಿಯುವ ಜಾತಿಗಳ ಅಜ್ಜ ಅಜ್ಜಿಯರು ಎಷ್ಟೇ ಹಿರಿಯರಾದರೂ ಧಣಿಯ ಅಂಗಳದಲ್ಲಿ ಅವರಿಗೆ ಹಿರಿತನದ ಮರ್ಯಾದೆ ಸಲ್ಲಲಿಲ್ಲ. ಅವರು ತಂದ ಎಲೆ ಅಡಿಕೆ ಬಟ್ಟೆಯ ತುಂಡಿನಲ್ಲಿ, ಅಡಿಕೆ ಹಾಳೆಯ ಚೂರಿನಲ್ಲಿ ಸುತ್ತಿದ್ದು. ಈ ಸತ್ಯ ನನ್ನ ವಾದವನ್ನು ಬೀಳಿಸುವುದಿಲ್ಲ, ಇನ್ನಷ್ಟು ಖಚಿತಗೊಳಿಸುತ್ತದೆ. ಪ್ರಾಯವೊಂದೇ ಎಂದೂ ಯಾರಿಗೂ ಚೀಲ ಕೊಡಲಿಲ್ಲ. ಭೂಮಿ ಮತ್ತು ನಗದಿನ ಮೇಲೆ ಹಿಡಿತವಿದ್ದ ಮನೆಗಳಲ್ಲಿ ಮಾತ್ರ ಹಿಡಿತ ಹಿರಿಯರಲ್ಲಿ ಇದ್ದದ್ದರಿಂದ ಚೀಲವೂ ಹಿರಿಯರಲ್ಲಿ ಇತ್ತು.

ಆ ಹಿಡಿತ ಸಡಿಲವಾದದ್ದು ಒಂದೇ ಏಟಿಗಲ್ಲ. 1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿಗೆ ಬೀಜ ಹಾಕಿದಾಗ, ಸಾಹುಕಾರನ ತಿಜೋರಿಯ ಹೊರಗೂ ದುಡ್ಡು ಸಿಗಬಹುದೆಂಬ ನಂಬಿಕೆ ಹಳ್ಳಿಗೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಅಳಿಯಸಂತಾನದ ಕೂಡುಮನೆಗಳಿಗೂ ತಟ್ಟಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಒಕ್ಕಲುಗಳನ್ನು ಭೂಮಿಯ ಒಡೆಯರನ್ನಾಗಿ ಮಾಡಿತು, ಧಣಿಯ ಸಂಚಿ ಹಿಡಿದು ಹಿಂದೆ ನಡೆಯುವವರು ಇಲ್ಲವಾದರು. ಅದಕ್ಕೆ ಒಂದು ವರ್ಷ ಮೊದಲು, 1973ರಲ್ಲಿ, ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ತಂದ ಅಡಿಕೆಗೆ ತೂಕದ ಚೀಟಿ, ಚೀಟಿಗೆ ತಕ್ಕ ಹಣ, ಹಣಕ್ಕೆ ಬ್ಯಾಂಕಿನ ಖಾತೆ ಎಂಬ ಕ್ರಮ ಸಣ್ಣ ಹಿಡುವಳಿದಾರರಿಗೂ ಸಿಕ್ಕಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಬಂದಾಗ ತಿಂಗಳ ಸಂಬಳದ ನೌಕರಿಗಳು ಪೇಟೆಯ ಹತ್ತಿರಕ್ಕೇ ಬಂದವು. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಪಾಲು ಎಂದಿತು. ಇವೆಲ್ಲ ಚೀಲಕ್ಕೆ ಸಂಬಂಧಿಸಿದ ಕಾನೂನುಗಳಲ್ಲ. ಆದರೆ ಯಾವ ಪ್ರಾಯದವರ ಕೈಗೆ ದುಡ್ಡು ಬರುತ್ತದೆ ಎಂಬುದನ್ನು ಬದಲಿಸಿದ್ದು ಇವೇ.

ಹೆಣ್ಣುಮಕ್ಕಳ ಮಟ್ಟಿಗೆ ಈ ಎಲ್ಲದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಬೀಡಿ ಎಂದು ನಾನು ತಿಳಿದಿದ್ದೇನೆ. ಬೀಡಿಯ ಚರಿತ್ರೆಯನ್ನು ಬರೆಯುವಾಗ ದುಡಿಮೆಯ ಕಷ್ಟ, ಹೊಗೆಸೊಪ್ಪಿನ ಧೂಳು, ಕಡಿಮೆ ಕೂಲಿ ಇವೇ ಮುಂದೆ ಬರುತ್ತವೆ, ಬರಬೇಕಾದದ್ದೂ ಸರಿ. ಆದರೆ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ, ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು, ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನಲ್ಲಿ ಬರೆಸಿ, ಕೂಲಿಯನ್ನು ತಾನೇ ಎಣಿಸಿ ತರುವ ಹದಿನೆಂಟು ಇಪ್ಪತ್ತರ ಹುಡುಗಿ ಈ ಸೀಮೆಯಲ್ಲಿ ಹೊಸಬಳು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಅವಳನ್ನು ಕಾರ್ಮಿಕಳೆಂದು ಗುರುತಿಸಿತು. ಅವಳ ಕೈಯಲ್ಲಿ ಎರಡು ಚೀಲಗಳು ಬಂದವು. ಬೀಡಿ ಕಟ್ಟು ಒಯ್ಯುವ ದೊಡ್ಡ ಚೀಲ ಒಂದು, ಒಳಗೆ ಝಿಪ್ ಇರುವ ಸಣ್ಣ ಪರ್ಸು ಇನ್ನೊಂದು. ಆ ಪರ್ಸು ಅಗ್ಗದ್ದು, ಜಾತ್ರೆಯ ಸಂತೆಯಲ್ಲಿ ಕೊಂಡದ್ದು. ಆದರೂ ಅದು ಈ ಕಡೆಯ ಹೆಣ್ಣಿನ ಮೊದಲ ಸ್ವಂತ ಚೀಲ, ಸ್ವಂತ ಆಯ್ಕೆಯದು, ಸ್ವಂತ ದುಡ್ಡಿನದು. ಹರೆಯದ ಹೆಣ್ಣಿಗೂ ಚೀಲಕ್ಕೂ ಸಂಬಂಧ ಬೆಸೆದದ್ದು ಪೇಟೆಯ ಜಾಹೀರಾತಿಗಿಂತ ಮೊದಲು ಬೀಡಿಯ ಕೂಲಿ. ಸೆರಗಿನ ಗಂಟು ಬಿಚ್ಚಿಕೊಂಡದ್ದು ಅಲ್ಲಿ.

ಆಮೇಲಿನದು ವೇಗದ ಕತೆ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ, 1965ರಲ್ಲಿ ವಿವೇಕಾನಂದ ಕಾಲೇಜು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳ ಸಾಲು. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಕೊಡೆ, ಬುತ್ತಿ, ಪುಸ್ತಕ, ಪಾಸು ಹೊರಲು ಹೆಗಲಿಗೆ ಹಾಕುವ ಚೀಲವೇ ಬೇಕಾಯಿತು. ಆರು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಒಂದು ಕೈ ಕೊಡೆಗೆ, ಒಂದು ಕೈ ಬಸ್ಸಿನ ಕಂಬಿಗೆ ಹೋದರೆ ಕೈಚೀಲ ಹಿಡಿಯುವುದು ಯಾವ ಕೈಯಲ್ಲಿ? ಎಂಬತ್ತರ ದಶಕದಲ್ಲಿ ಬಣ್ಣದ ವಯರಿನಲ್ಲಿ ಮನೆಯಲ್ಲೇ ಹೆಣೆದ ವಯರ್ ಬ್ಯಾಗುಗಳ ಕಾಲ ಬಂತು. ಅದರಲ್ಲಿ ಯಾರ ಹೆಣಿಗೆ ಎಷ್ಟು ಚೆಂದ ಎಂಬ ಪೈಪೋಟಿಯೂ ಇತ್ತು. ಅದೇ ಹೊತ್ತಿಗೆ ಕೊಲ್ಲಿ ದೇಶಗಳಿಗೆ ಹೋದವರು ರಜೆಗೆ ಬರುವಾಗ ಅಕ್ಷರಗಳಿರುವ ಚೀಲ, ಸೂಟ್‌ಕೇಸುಗಳನ್ನು ತಂದರು. 2006ರಲ್ಲಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದಲೇ ದುಬೈಗೆ ವಿಮಾನ ಹಾರತೊಡಗಿದ ಮೇಲೆ ಆ ದಾರಿ ಇನ್ನೂ ಹತ್ತಿರವಾಯಿತು. ಉಪ್ಪಿನಂಗಡಿ, ಕಡಬದ ಅಂಗಡಿಗಳಲ್ಲಿ ಈಗ ಪರದೇಶದ ಹೆಸರು ಹೊತ್ತ ‘ಫಸ್ಟ್ ಕಾಪಿ’ ಚೀಲಗಳು ಸಿಗುತ್ತವೆ, ಕಾಲೇಜು ಹುಡುಗಿಯರು ಅವನ್ನು ಸಂಕೋಚವಿಲ್ಲದೆ ಹಿಡಿಯುತ್ತಾರೆ. ಹೆಸರಿರುವ ಚೀಲದ ಮೋಹ ಮಾತ್ರ ಇಲ್ಲಿ ಅವರಿಂದಲೇ ಶುರುವಾದದ್ದಲ್ಲ. ಚಿನ್ನದ ಅಂಗಡಿಯ, ದೊಡ್ಡ ಜವಳಿ ಅಂಗಡಿಯ ಹೆಸರು ಅಚ್ಚಾದ ಚೀಲವನ್ನು ಜೋಪಾನವಾಗಿ ತೆಗೆದಿಟ್ಟು, ಮದುವೆ ಮುಂಜಿಗೆ ಅದನ್ನೇ ಹಿಡಿದು ಹೋಗುವುದು ಅವರ ಅಮ್ಮಂದಿರ, ಅಜ್ಜಿಯರ ವಾಡಿಕೆ. ಅಂಗಡಿಯ ಹೆಸರು ಹೊರಮುಖವಾಗಿ ಕಾಣುವಂತೆಯೇ ಹಿಡಿಯುತ್ತಿದ್ದರು.

ಈ ಚೀಲಗಳು ಹುಟ್ಟಿದ ದೇಶಗಳ ಚರಿತ್ರೆಯನ್ನು ನೋಡಿದರೂ ದುಬಾರಿ ಚೀಲ ಹರೆಯದವರ ಸೃಷ್ಟಿಯಲ್ಲ. ಪ್ಯಾರಿಸ್ಸಿನ ಲೂಯಿ ವಿಟಾನ್ 1854ರಲ್ಲಿ ಅಂಗಡಿ ತೆರೆದದ್ದು ಪಯಣಿಗರ ಪೆಟ್ಟಿಗೆಗಳಿಗಾಗಿ. ಹೂವು ಅಕ್ಷರಗಳ ಆ ಪ್ರಸಿದ್ಧ ಅಚ್ಚನ್ನು ಅವನ ಮಗ 1896ರಲ್ಲಿ ತಂದದ್ದು ನಕಲಿನ ಕಾಟ ತಡೆಯಲು. ಆ ಪೆಟ್ಟಿಗೆಗಳನ್ನು ಹೊತ್ತದ್ದು ಕೂಲಿಗಳು, ಒಡೆತನ ಶ್ರೀಮಂತ ಹಿರಿಯರದು, ನಮ್ಮ ಧಣಿಯ ಸಂಚಿಯ ಹಾಗೆಯೇ. 1955ರ ಫೆಬ್ರವರಿಯಲ್ಲಿ ಕೊಕೊ ಶನೆಲ್ ಸರಪಳಿಯ ಹಿಡಿಕೆ ಇರುವ, ಹೆಗಲಿಗೆ ಹಾಕುವ ಚೀಲವನ್ನು ತಂದಾಗ ಆಕೆಗೆ 71 ವರ್ಷ. ಕೈಯಲ್ಲಿ ಚೀಲ ಹಿಡಿದು ಬೇಸತ್ತ, ಕೈಗಳು ಬಿಡುವಾಗಬೇಕೆಂದು ಬಯಸಿದ ಒಬ್ಬ ವೃದ್ಧೆಯ ಯೋಚನೆ ಅದು. ಎರ್ಮೆಸ್ ಕಂಪೆನಿಯ ಬರ್ಕಿನ್ ಚೀಲ 1984ರಲ್ಲಿ ಬಂದದ್ದು ನಟಿ ಜೇನ್ ಬರ್ಕಿನ್‌ಳ ಸಾಮಾನು ಸಾಗುವಷ್ಟು ದೊಡ್ಡ ಚೀಲ ಬೇಕೆಂಬ ಕಾರಣಕ್ಕೆ. ತನ್ನ ಮೊದಲ ಚೀಲವನ್ನು ಆಕೆ ಹತ್ತು ವರ್ಷ ಚೆನ್ನಾಗಿ ಬಳಸಿ, ಏಡ್ಸ್ ರೋಗಿಗಳ ನೆರವಿನ ಹರಾಜಿಗೆ ಕೊಟ್ಟಳು. ಅದೇ ಚೀಲ 2025ರ ಜುಲೈಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 80 ಲಕ್ಷ ಯೂರೊ ಮೀರಿ ಹೋಯಿತು. ಕೆಲಸದ ಚೀಲವೇ ಕಾಲ ಕಳೆದಂತೆ ಆಸ್ತಿಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇನ್ನು ಎರಡನೆಯ ಸಂಗತಿ, ನೋಡುವವರು ಮೊದಲೇ ಬಲ್ಲರೋ ಇಲ್ಲವೋ ಎಂಬುದು. ಪುತ್ತೂರು ಪೇಟೆಯಲ್ಲಾಗಲಿ, ಸುಬ್ರಹ್ಮಣ್ಯದ ಷಷ್ಠಿಯ ಜನಸಂದಣಿಯಲ್ಲಾಗಲಿ ಈ ಸೀಮೆಯವರನ್ನು ಗುರುತಿಸುವುದು ಮನೆಯ ಹೆಸರಿನಿಂದ. ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು, ತೋಟ ಎಷ್ಟು, ಈ ವರ್ಷ ಚಾಲಿ ಅಡಿಕೆ ಮಾರಿದ್ದಾರೋ ಬೆಲೆ ಏರಲೆಂದು ಇಟ್ಟಿದ್ದಾರೋ ಎಂಬುದು ಕೂಡ ಹತ್ತು ಮಂದಿಗೆ ಗೊತ್ತಿರುತ್ತದೆ. ಹೀಗೆ ಎಲ್ಲ ತಿಳಿದವರ ನಡುವೆ ಚೀಲ ಹೊಸದಾಗಿ ಏನು ಹೇಳಬೇಕು? ಅಡಿಕೆಯ ಬೆಲೆ ಕಿಲೋಗೆ 500 ರೂಪಾಯಿ ಮುಟ್ಟಿದ 2021ರಲ್ಲೂ ಹತ್ತೆಕರೆ ತೋಟದ ಯಜಮಾನಿ ಅಂಗಡಿಯ ಚೀಲ ಹಿಡಿದೇ ಪೇಟೆಗೆ ಹೋಗಬಹುದಾಗಿತ್ತು, ಆಕೆಯ ಗೌರವಕ್ಕೆ ಅದರಿಂದ ಒಂದಿಷ್ಟೂ ಕುಂದಿಲ್ಲ. ಆಕೆಯದೇ ಮಗಳು ಬೆಂಗಳೂರಿನ ಕಚೇರಿಗೆ ಕಾಲಿಟ್ಟ ದಿನ ಅವಳ ಮನೆಯ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಯಾರಿಗೂ ಅರ್ಥವಾಗುವುದಿಲ್ಲ. ಅಪರಿಚಿತರು ಒಂದೇ ನೋಟದಲ್ಲಿ ಅಳೆಯುವ ಜಾಗದಲ್ಲಿ ಬಟ್ಟೆ, ಚಪ್ಪಲಿ, ಚೀಲಗಳೇ ಮನೆಯ ಹೆಸರಿನ ಕೆಲಸ ಮಾಡುತ್ತವೆ. ಅಲ್ಲಿನ ದುಬಾರಿ ಮಳಿಗೆಗಳ ಯುಬಿ ಸಿಟಿಯ ಗಾಜಿನ ಹಿಂದಿನ ಚೀಲ ಅವಳ ಕಣ್ಣಿಗೆ ಬೀಳುವುದು ಪ್ರಾಯದ ಕಾರಣದಿಂದಲ್ಲ, ನೆಲೆಯ ಕಾರಣದಿಂದ. ಅವಳ ಜಾಗದಲ್ಲಿ ಐವತ್ತರ ತಾಯಿಯನ್ನು ನಿಲ್ಲಿಸಿದರೆ ತಾಯಿಯ ನೋಟವೂ ಅಲ್ಲಿಗೇ ಹೋದೀತು. ದುಬೈ, ಅಮೆರಿಕದಲ್ಲಿ ನೆಲೆಸಿ ನಡುವಯಸ್ಸು ದಾಟಿದ ಈ ಕಡೆಯ ಹೆಂಗಸರು ಒಳ್ಳೆಯ ಚೀಲಗಳನ್ನು ಬಿಟ್ಟುಕೊಟ್ಟಿಲ್ಲ ಎಂಬುದನ್ನು ರಜೆಯ ದಿನಗಳ ಮದುವೆ ಚಪ್ಪರಗಳಲ್ಲಿ ಯಾರು ಬೇಕಾದರೂ ಕಾಣಬಹುದು.

ಹಾಗಾದರೆ ಒಬ್ಬಳೇ ಹೆಂಗಸು ಇಪ್ಪತ್ತೈದರಲ್ಲಿ ಬಯಸಿದ ಚೀಲವನ್ನು ಅರವತ್ತರಲ್ಲಿ ಕಪಾಟಿನಲ್ಲಿಟ್ಟು ಬಟ್ಟೆಯ ಚೀಲ ಹಿಡಿಯುವುದಿಲ್ಲವೇ, ಇದು ಪ್ರಾಯದ ಪರಿಣಾಮವಲ್ಲದೆ ಮತ್ತೇನು ಎಂದು ಕೇಳಬಹುದು. ಕಪಾಟಿನಲ್ಲಿಡುವುದು ನಿಜ. ಕಾರಣಗಳನ್ನು ಬಿಡಿಸಿ ನೋಡಿದರೆ ವೈರಾಗ್ಯ ಅದರಲ್ಲಿ ಕಡಿಮೆ. ಹೆಗಲು ನೋಯುತ್ತದೆ, ಚರ್ಮದ ಚೀಲ ಖಾಲಿಯಿದ್ದಾಗಲೂ ಭಾರ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಚರ್ಮದ ಸಾಮಾನನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಪಾಡುವುದು ಈ ಸೀಮೆಯಲ್ಲಿ ಯಾರಿಗೂ ಸುಲಭವಲ್ಲ. ಒಯ್ಯಬೇಕಾದ ವಸ್ತುಗಳೂ ಬದಲಾಗಿವೆ: ಮಾತ್ರೆಯ ಪಟ್ಟಿ, ಕನ್ನಡಕ, ನೀರಿನ ಬಾಟಲಿ, ಮೊಮ್ಮಗುವಿನ ಅಂಗಿ, ದೇವಸ್ಥಾನದ ಪ್ರಸಾದ. ನೌಕರಿ ಮುಗಿದು ಊರಿಗೆ ಮರಳಿದ್ದರೆ ನೋಡುವವರೆಲ್ಲ ಮತ್ತೆ ಪರಿಚಿತರು. ಅದೇ ಹೆಂಗಸಿನ ಕೈಬಳೆ, ಕರಿಮಣಿ ಸರಗಳನ್ನು ನೋಡಿ. ಚಿನ್ನದ ಮೇಲಿನ ಮಮತೆ ಅರವತ್ತರಲ್ಲಿ ಇಳಿದ ಸುಳಿವಿಲ್ಲ. ಆಸೆ ಆರಿಹೋಗಿದ್ದರೆ ಮೊದಲು ಆರಬೇಕಾದದ್ದು ಅದು. ಚಿನ್ನ ಮೊಮ್ಮಕ್ಕಳಿಗೆ ದಾಟುತ್ತದೆ, ಕಷ್ಟಕ್ಕೆ ಅಡವಿಡಲು ಬರುತ್ತದೆ, ಚೀಲ ಅದಾಗುವುದಿಲ್ಲ. ಇದು ಲೆಕ್ಕಾಚಾರ, ಮತ್ತು ತುಂಬ ಒಳ್ಳೆಯ ಲೆಕ್ಕಾಚಾರ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾದದ್ದನ್ನು ಕಂಡ ತಲೆಮಾರು ಕರಗಿಸಿ ಮಾರಲಾಗದ ವಸ್ತುವಿಗೆ ಹಣ ಹಾಕಲು ಹಿಂಜರಿಯುವುದು ಸಹಜ. ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ಕಂಡ ನಷ್ಟಗಳಿಂದ ಬಂದದ್ದು, ಪ್ರಾಯದಿಂದ ಉಚಿತವಾಗಿ ಬಂದದ್ದಲ್ಲ.

ಜಾಹೀರಾತಿನ ಮಾತನ್ನೂ ಬದಿಗೆ ಸರಿಸುವಂತಿಲ್ಲ. ಕೈಯ ಫೋನಿನಲ್ಲಿ ದಿನವಿಡೀ ಹರಿಯುವ ಚಿತ್ರಗಳು ಹರೆಯದವರನ್ನು ಹೆಚ್ಚು ಮುಟ್ಟುತ್ತವೆ, ಕಂತಿನ ಸಾಲ ಅವರನ್ನು ಬೇಗ ಸಿಕ್ಕಿಸುತ್ತದೆ. ಸಾಲ ಮಾಡಿ ಚೀಲ ಕೊಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅದನ್ನು ಹೇಳಲು ಪ್ರಾಯವನ್ನು ಎಳೆದು ತರಬೇಕಿಲ್ಲ. ಸಾಲ ಮಾಡಿ ಮದುವೆ ನಡೆಸಿದ, ಸಾಲ ಮಾಡಿ ಮನೆಯ ಮುಂಭಾಗ ಕಟ್ಟಿಸಿದ ಹಿರಿಯರು ಈ ತಾಲೂಕುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಪ್ಪು ಸಾಲದ್ದು. ದುಡಿದ ದುಡ್ಡಿನಲ್ಲಿ, ತೂಗಿ ನೋಡಿ ಕೊಂಡ ಒಳ್ಳೆಯ ಹೊಲಿಗೆಯ ಚೀಲವೊಂದು ಹತ್ತು ಹದಿನೈದು ವರ್ಷ ಬಾಳಿದರೆ ಅದನ್ನು ದುಂದು ಎನ್ನುವುದು ಕಷ್ಟ. ಬೀಡಿ ಕಟ್ಟಿ ಮೊದಲ ಪರ್ಸು ಕೊಂಡವಳ ಮೊಮ್ಮಗಳು ಇವತ್ತು ಅದನ್ನು ಕೊಳ್ಳುತ್ತಿದ್ದಾಳೆ ಎಂದರೆ, ಆ ಅಜ್ಜಿಯ ಬೆರಳುಗಳ ದುಡಿಮೆ ಅವಳನ್ನು ಎಲ್ಲಿಯವರೆಗೆ ತಂದಿದೆ ಎಂಬುದನ್ನೂ ಜೊತೆಗೇ ಎಣಿಸಬೇಕು.

ಒಂದು ಕೋರಿಕೆ ಇದೆ. ಹಳೆಯ ಎಲೆ ಸಂಚಿಗಳು ಬಹುಪಾಲು ಹರಿದುಹೋಗಿವೆ, ಬೆಳ್ಳಿಯ ಸುಣ್ಣದ ಡಬ್ಬಿಗಳು ತೂಕಕ್ಕೆ ಮಾರಾಟವಾಗುತ್ತಿವೆ, ಕೊರಗರ ಹೆಣಿಗೆಯ ಜಾಗವನ್ನು ಪ್ಲಾಸ್ಟಿಕ್ ಬುಟ್ಟಿಗಳು ತುಂಬಿವೆ. ಪುತ್ತೂರು, ಸುಳ್ಯದ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಉಳಿದಿರುವ ಸಂಚಿ, ಡಬ್ಬಿ, ಕುಟ್ಟಾಣಿ, ಬೀಡಿಯ ಲೆಕ್ಕದ ಪುಸ್ತಕ, ವಯರ್ ಬ್ಯಾಗುಗಳ ಚಿತ್ರ ತೆಗೆದು, ಅವುಗಳನ್ನು ಯಾರು ಕೊಂಡರು, ಯಾರು ಹಿಡಿದರು, ಯಾರು ಹೆಣೆದರು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಲಿ. ಕೇಳಿ ಹೇಳಿಸಬಹುದಾದ ಅಜ್ಜಿಯರು ಇನ್ನೂ ಇದ್ದಾರೆ.